ನನ್ನ ರಿಪೋರ್ಟು ನಾನು ಓದಲು ಕಲಿತದ್ದು

ತಿಪಟೂರಿನಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. 18 ವರ್ಷದಿಂದ ಜನರ ಅರ್ಜಿ ತುಂಬಿಕೊಡುವುದೇ ನನ್ನ ಕೆಲಸ. ಪಹಣಿ, ಪಿಂಚಣಿ, ಜಾತಿ ಪ್ರಮಾಣಪತ್ರ, ಪಡಿತರ ಚೀಟಿ, ಯಾವ ಕಾಗದ ತಂದರೂ ಯಾವ ಕಾಲಂನಲ್ಲಿ ಏನು ಬರೀಬೇಕು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಅಂಥವಳು ನನ್ನದೇ ರಕ್ತದ ರಿಪೋರ್ಟನ್ನು ಮೂರು ವರ್ಷ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ಓದಿರಲಿಲ್ಲ. ಓದಿದ್ದರೂ ತಿಳಿಯುತ್ತಿರಲಿಲ್ಲ.

ಆ ರಿಪೋರ್ಟು ಬಂದಾಗ ನನಗೆ 44 ವರ್ಷ. ಬಿಪಿ ಇದೆ ಅಂತ ಗೊತ್ತಾಗಿ ಐದಾರು ವರ್ಷ ಆಗಿತ್ತು. ಮಾತ್ರೆ ಕೊಟ್ಟಿದ್ದರು. ತಲೆ ಸುತ್ತು ಬಂದ ದಿನ ನುಂಗುತ್ತಿದ್ದೆ, ಚೆನ್ನಾಗಿದ್ದ ದಿನ ಬಿಡುತ್ತಿದ್ದೆ. ತಲೆನೋವಿನ ಮಾತ್ರೆಯನ್ನು ಹಾಗೇ ತಾನೇ ತಗೊಳ್ಳೋದು, ಇದೂ ಹಾಗೇ ಅಂದುಕೊಂಡಿದ್ದೆ. ದಿನವಿಡೀ ಮೆಷಿನ್ ಮುಂದೆ ನಿಂತು ಮಂಡಿ ನೋವು ಬೇರೆ. ಮೆಡಿಕಲ್ ಸ್ಟೋರಿಗೆ ಹೋಗಿ "ನೋವಿಗೆ ಒಂದು ಶೀಟ್ ಕೊಡಿ" ಅಂದರೆ ಕೊಡುತ್ತಿದ್ದರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಎರಡು ವರ್ಷ ಹಾಗೇ ನಡೆಯಿತು. ಅದರ ಹೆಸರು ಡೈಕ್ಲೋಫೆನಾಕ್ ಅಂತ ಆಗ ನನಗೆ ಗೊತ್ತಿರಲಿಲ್ಲ, ಅಂಥ ಮಾತ್ರೆ ಕಿಡ್ನಿಗೆ ಪೆಟ್ಟು ಕೊಡಬಹುದು ಅಂತಲೂ ಗೊತ್ತಿರಲಿಲ್ಲ. ಗುಲಾಬಿ ಬಣ್ಣದ ಮಾತ್ರೆ ಅಂತ ಮಾತ್ರ ಗೊತ್ತಿತ್ತು.

ಮಂಡಿ ತೋರಿಸಲು ಹೋದಾಗ ರಕ್ತ ಪರೀಕ್ಷೆ ಮಾಡಿಸಿದರು. ಎರಡು ಹಾಳೆ ತುಂಬ ಅಂಕಿ. ಒಂದು ಸಾಲಿನ ಪಕ್ಕದಲ್ಲಿ ಮಾತ್ರ ಚಿಕ್ಕ ನಕ್ಷತ್ರದ ಗುರುತು. ಕ್ರಿಯಾಟಿನಿನ್ 1.4. ಕಿಡ್ನಿ ರಕ್ತದಿಂದ ಸೋಸಿ ಹೊರಗೆ ಹಾಕಬೇಕಾದ ಕಸ ಅದು ಅಂತ ಆಮೇಲೆ ತಿಳಿಯಿತು. "ಇದೇನು ಸಾರ್" ಅಂತ ಕೇಳಿದೆ. "ಸ್ವಲ್ಪ ಜಾಸ್ತಿ ಇದೆ ಅಷ್ಟೇ. ನೀರು ಚೆನ್ನಾಗಿ ಕುಡೀರಿ" ಅಂದರು. ನಾನು ನೆಮ್ಮದಿಯಾಗಿ ಮನೆಗೆ ಬಂದೆ. ನೀರು ಕುಡಿದೆ. ಗುಲಾಬಿ ಮಾತ್ರೆಯನ್ನೂ ಮುಂದುವರಿಸಿದೆ.

ಇದನ್ನೆಲ್ಲ ಬರೆಯುವುದು ಯಾರನ್ನೂ ದೂರಲು ಅಲ್ಲ. ಆದರೆ ಆ "ಸ್ವಲ್ಪ ಜಾಸ್ತಿ" ಅನ್ನುವ ಎರಡು ಪದದ ಅರ್ಥ ನನಗೆ ಗೊತ್ತಾಗಲು ಮೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಅಷ್ಟರಲ್ಲಿ ಕಳೆದುಹೋದದ್ದು ವಾಪಸ್ ಬರುವಂಥದ್ದಲ್ಲ.

47ನೇ ವರ್ಷದಲ್ಲಿ ಸಂಜೆ ಹೊತ್ತು ಪಾದ ಊದಿಕೊಳ್ಳಲು ಶುರುವಾಯಿತು. ಚಪ್ಪಲಿಯ ಪಟ್ಟಿ ಅಚ್ಚೊತ್ತಿದ ಹಾಗೆ ಕೂತಿರುತ್ತಿತ್ತು. ಸುಸ್ತು. ಮೂತ್ರದಲ್ಲಿ ಸೋಪಿನ ನೊರೆಯಂಥ ನೊರೆ, ನೀರು ಹಾಕಿದರೂ ಬೇಗ ಹೋಗುತ್ತಿರಲಿಲ್ಲ. ಆ ನೊರೆ ತುಂಬಾ ಹಿಂದಿನಿಂದಲೇ ಇತ್ತು ಅಂತ ಈಗ ನೆನಪಾಗುತ್ತದೆ. ಕಿಡ್ನಿ ಬಗ್ಗೆ ಅನುಮಾನವೇ ಬಂದಿರಲಿಲ್ಲ. ಒಂದಕ್ಕೆ ಚೆನ್ನಾಗಿ ಹೋಗುತ್ತಿತ್ತಲ್ಲ! ಕಿಡ್ನಿ ಕೆಟ್ಟರೆ ಮೂತ್ರ ನಿಂತುಹೋಗುತ್ತದೆ ಅಂತ ನಾನೂ ಎಲ್ಲರ ಹಾಗೆ ನಂಬಿದ್ದೆ. ಸೋಸುವ ಕೆಲಸ ಅರ್ಧಕ್ಕಿಂತ ಕಡಿಮೆಯಾದರೂ ಮೂತ್ರದ ಪ್ರಮಾಣ ಮೊದಲಿನಷ್ಟೇ ಇರಬಹುದು ಅಂತ ಯಾರು ಹೇಳಿದ್ದರು ನಮಗೆ?

ಈ ಸಲ ಕ್ರಿಯಾಟಿನಿನ್ 2.1. ಬೆಂಗಳೂರಿಗೆ ಹೋಗಿ ಕಿಡ್ನಿ ಡಾಕ್ಟರನ್ನು ನೋಡಿ ಅಂದರು. ನಾನು, ನಮ್ಮನೆಯವರು ಬೆಳಗಿನ ರೈಲಿಗೆ ಹೋದೆವು. ಮೂರು ಗಂಟೆ ಕಾದು ಒಳಗೆ ಹೋದರೆ ಐದಾರು ನಿಮಿಷದಲ್ಲಿ ಮುಗಿಯಿತು. ಡಾಕ್ಟರು ಒಳ್ಳೆಯವರೇ. ಹೊರಗೆ ಇನ್ನೂ ಮೂವತ್ತು ಜನ ಇದ್ದರು. ಸ್ಕ್ಯಾನ್ ನೋಡಿದರು, "ಸಿಕೆಡಿ, ಸ್ಟೇಜ್ 4. ಕ್ರಾನಿಕ್ ಇದೆ. ಮಾತ್ರೆ ಬರೆದಿದ್ದೀನಿ, ಡಯಟ್ ಶೀಟ್ ತಗೊಳ್ಳಿ, ತಿಂಗಳಿಗೆ ಬನ್ನಿ" ಅಂದರು. ಸಿಕೆಡಿ ಅಂದರೆ ಕ್ರಾನಿಕ್ ಕಿಡ್ನಿ ಡಿಸೀಸ್.

ವಾಪಸ್ ಬರುವಾಗ ನಮ್ಮನೆಯವರು ಕಿಟಕಿ ಕಡೆ ಮುಖ ತಿರುಗಿಸಿ ಕೂತಿದ್ದರು. ತುಮಕೂರು ದಾಟಿತು, ಗುಬ್ಬಿ ದಾಟಿತು, ಮಾತಿಲ್ಲ. ಅಮ್ಮಸಂದ್ರದ ಹತ್ತಿರ ನೋಡುತ್ತೇನೆ, ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. "ಅಟ್ಟದ ಕೊಬ್ಬರಿ ಮಾರಿಬಿಡೋಣ. ಎಷ್ಟು ದಿನ ಇದೆಯೋ ಅಷ್ಟು ದಿನ ಚೆನ್ನಾಗಿ ನೋಡ್ಕೋತೀನಿ" ಅಂದರು. ಅಟ್ಟದಲ್ಲಿದ್ದ ಕಾಯಿ ಇನ್ನೂ ಕೊಬ್ಬರಿ ಆಗಿರಲಿಲ್ಲ, ಅಲ್ಲಾಡಿಸಿದರೆ ನೀರಿನ ಸದ್ದು ಬರುತ್ತಿತ್ತು. ಆಗ ನನಗೆ ಹೊಳೆಯಿತು. ಅವರ ಅಕ್ಕ ಕ್ಯಾನ್ಸರಿನಲ್ಲಿ ತೀರಿಕೊಂಡಾಗಲೂ ಡಾಕ್ಟರು ಹೇಳಿದ್ದು ಇದೇ ಮಾತು, ನಾಲ್ಕನೇ ಸ್ಟೇಜು. ಇವರು ಅದನ್ನೇ ಕೇಳಿಸಿಕೊಂಡಿದ್ದರು. ನಾನೋ, "ಕ್ರಾನಿಕ್" ಅಂದರೆ ತೀರಾ ಜೋರಾಗಿದೆ, ಕೈ ಮೀರಿದೆ ಅಂತ ತಿಳಿದುಕೊಂಡಿದ್ದೆ. ಅದರ ಅರ್ಥ ಬಹಳ ಕಾಲದಿಂದ ಇರುವುದು, ಬಹಳ ಕಾಲ ಇರುವುದು ಅಂತ ಅಷ್ಟೇ. ಮೂರು ತಿಂಗಳಿಗಿಂತ ಜಾಸ್ತಿ ಇದ್ದರೆ ಕ್ರಾನಿಕ್ ಅನ್ನುತ್ತಾರೆ. ಇಬ್ಬರೂ ಒಂದೇ ಕೋಣೆಯಲ್ಲಿ ಒಂದೇ ಮಾತು ಕೇಳಿ, ಎರಡು ಬೇರೆ ಬೇರೆ ತಪ್ಪು ಅರ್ಥ ಹೊತ್ತುಕೊಂಡು ಅದೇ ರೈಲಿನಲ್ಲಿ ಬಂದಿದ್ದೆವು.

ಡಯಟ್ ಶೀಟ್ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಓಟ್ಸ್, ಬ್ರೊಕೊಲಿ, ಸೇಬು ಎಲ್ಲ ಇತ್ತು. ರಾಗಿಮುದ್ದೆ ಇರಲಿಲ್ಲ. ಬಸ್ಸಾರು, ಉಪ್ಪುಸಾರು, ಎಳನೀರು ಯಾವುದೂ ಇರಲಿಲ್ಲ. ಇಲ್ಲ ಅಂದಮೇಲೆ ಅದಕ್ಕೆ ಪಥ್ಯ ಇಲ್ಲ ಅಂತ ಅಂದುಕೊಂಡೆವು.

ಆಮೇಲಿನ ಒಂದು ತಿಂಗಳು ನಾನು ಮಾಡಿದ್ದನ್ನು ಹೇಳಲೇಬೇಕು. ಎಲ್ಲವನ್ನೂ ಆರೋಗ್ಯಕ್ಕೆ ಒಳ್ಳೇದು ಅಂತಲೇ ಮಾಡಿದ್ದು. ಉಪ್ಪು ಕಡಿಮೆ ಮಾಡಿ ಅಂದಿದ್ದರು. ಅಂಗಡಿಯಲ್ಲಿ ಸೋಡಿಯಂ ಕಡಿಮೆ ಇರುವ ಉಪ್ಪು ಅಂತ ಸಿಕ್ಕಿತು, ದುಡ್ಡು ಜಾಸ್ತಿಯಾದರೂ ಅದನ್ನೇ ತಂದೆ. ಕಿಡ್ನಿಗೆ ತಂಪು ಅಂತ ದಿನಾ ಬೆಳಿಗ್ಗೆ ಒಂದು ಎಳನೀರು, ಕೆಲವು ದಿನ ಎರಡು. ತೋಟದಲ್ಲಿ ಎಳನೀರಿಗೇನು ಬರ? ಪಕ್ಕದ ಮನೆಯವರು ಬಾಳೆದಿಂಡಿನ ರಸ ಕುಡಿಯಲು ಹೇಳಿದರು. ಅವರ ಯಜಮಾನರಿಗೆ ಅದರಿಂದ ಕಿಡ್ನಿ ಕಲ್ಲು ಹೋಗಿತ್ತಂತೆ. ಕಲ್ಲು ಬೇರೆ, ನನ್ನ ಕಾಯಿಲೆ ಬೇರೆ ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಪ್ರೋಟೀನ್ ಕಡಿಮೆ ಅಂದಿದ್ದಕ್ಕೆ ಬೇಳೆ, ಮೊಸರು, ಮೊಟ್ಟೆ ಎಲ್ಲ ಪೂರ್ತಿ ಬಿಟ್ಟೆ.

ಮೂರು ವಾರ ಕಳೆದ ಮೇಲೆ ಕಾಲು ಎತ್ತಿಡಲು ಆಗದಷ್ಟು ಭಾರ. ಎದೆಯಲ್ಲಿ ಏನೋ ತಪ್ಪಿದ ಹಾಗೆ. ಆಸ್ಪತ್ರೆಗೆ ಹೋದರೆ ಪೊಟ್ಯಾಸಿಯಂ 6.4. ಸಾಮಾನ್ಯವಾಗಿ 3.5ರಿಂದ 5ರ ಒಳಗೆ ಇರಬೇಕಾದದ್ದು. ಇಸಿಜಿ ತೆಗೆದರು, ಓಡಾಡಿದರು, ಒಂದು ಇಂಜೆಕ್ಷನ್ ಕೊಟ್ಟರು, ಇನ್ನೊಂದು ಕೊಟ್ಟರು. ಇನ್ಸುಲಿನ್ ಅನ್ನುವ ಮಾತು ಕಿವಿಗೆ ಬಿತ್ತು. "ನನಗೆ ಶುಗರ್ ಇಲ್ಲ, ಯಾರದ್ದೋ ಇಂಜೆಕ್ಷನ್ ನನಗೆ ಕೊಡ್ತಿದ್ದೀರಿ" ಅಂತ ನಾನು ಕೂಗಿಕೊಂಡೆ.

ಆ ರಾತ್ರಿ ಡ್ಯೂಟಿಯಲ್ಲಿದ್ದ ಸಿಸ್ಟರ್ ಉತ್ತರ ಕರ್ನಾಟಕದ ಕಡೆಯ ಹುಡುಗಿ. ನನ್ನ ಮಗಳ ವಯಸ್ಸು. ಎಲ್ಲ ಶಾಂತವಾದ ಮೇಲೆ ಬಂದು ಮಂಚದ ತುದಿಯಲ್ಲಿ ಕೂತಳು. "ಇನ್ಸುಲಿನ್ ಸಕ್ಕರಿ ಸಲುವಾಗಿ ಅಲ್ಲರಿ ಅಕ್ಕಾ. ಅದು ರಕ್ತದಾಗಿನ ಪೊಟ್ಯಾಸಿಯಂ ಹಿಡದು ಜೀವಕೋಶದ ಒಳಗ ದಬ್ಬತೈತಿ. ಅದಕ್ಕ ಗ್ಲೂಕೋಸ್ ಜೋಡಿ ಕೊಟ್ಟೇವಿ" ಅಂದಳು. ನಾನು ಮನೆಯಲ್ಲಿ ಏನೇನು ತಿಂದೆ ಅಂತ ಒಂದೊಂದಾಗಿ ಕೇಳಿದಳು. ಉಪ್ಪಿನ ಪ್ಯಾಕೆಟ್ ವಿಷಯ ಬಂದಾಗ ಪೆನ್ನು ಕೆಳಗಿಟ್ಟಳು. ಆ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಆರೋಗ್ಯವಾಗಿರುವವರಿಗೆ ಪರವಾಗಿಲ್ಲ. ಜಾಸ್ತಿಯಾದ ಪೊಟ್ಯಾಸಿಯಂ ಅನ್ನು ಅವರ ಕಿಡ್ನಿ ಹೊರಗೆ ಹಾಕುತ್ತದೆ, ನನ್ನದು ಹಾಕುವುದಿಲ್ಲ. ಎಳನೀರು, ಬಾಳೆದಿಂಡು ಎರಡೂ ಪೊಟ್ಯಾಸಿಯಂ ತುಂಬಿಕೊಂಡಿರುವ ವಸ್ತುಗಳೇ. ಒಂದು ಎಳನೀರಿನಲ್ಲೇ ಸುಮಾರು 500 ಮಿಲಿಗ್ರಾಂ ಇರಬಹುದು. ನನಗೆ ಇಡೀ ದಿನಕ್ಕೆ ಹಾಕಿಕೊಟ್ಟ ಮಿತಿ 2,000. ಸಾಲದ್ದಕ್ಕೆ ಬಿಪಿಗೂ ಕಿಡ್ನಿಗೂ ಅಂತ ಕೊಟ್ಟ ಟೆಲ್ಮಿಸಾರ್ಟನ್ ಮಾತ್ರೆಗೂ ಪೊಟ್ಯಾಸಿಯಂ ಸ್ವಲ್ಪ ಏರಿಸುವ ಗುಣ ಇದೆ. ಎಲ್ಲ ಒಟ್ಟಿಗೆ ಸೇರಿಕೊಂಡಿತ್ತು.

ಎಲ್ಲ ಹೇಳಿ ಮುಗಿಸಿ ಅವಳು ಅಂದಳು, "ತಿಳೀತೇನು ಅಂತ ನಾ ಕೇಳಂಗಿಲ್ರಿ. ಕೇಳಿದ್ರ ಎಲ್ಲಾರೂ ಹೂಂ ಅಂತಾರ. ಈಗ ನೀವ ನನಗ ಹೇಳ್ರಿ. ಮನಿಗೆ ಹೋಗಿ ನಿಮ್ಮ ಯಜಮಾನ್ರಿಗೆ ಏನಂತ ಹೇಳ್ತೀರಿ?"

ನಾನು ಶುರುಮಾಡಿದೆ. ಎರಡನೇ ವಾಕ್ಯಕ್ಕೇ ತಡವರಿಸಿದೆ. ಪೊಟ್ಯಾಸಿಯಂ ಅನ್ನುವ ಕಡೆ ಸೋಡಿಯಂ ಅಂದೆ. ಅವಳು ನಗಲಿಲ್ಲ, ಬೈಯಲಿಲ್ಲ. ಮತ್ತೆ ಹೇಳಿದಳು, ಮತ್ತೆ ನನ್ನ ಬಾಯಿಂದ ಹೇಳಿಸಿದಳು. ಮೂರನೇ ಸಲ ಸರಿಯಾಗಿ ಬಂತು. "ಈಗ ಗೊತ್ತಾತು ನೋಡ್ರಿ" ಅಂತ ಎದ್ದು ಹೋದಳು. ಎಷ್ಟೋ ಡಾಕ್ಟರು, ಲ್ಯಾಬು, ಮೆಡಿಕಲ್ ಸ್ಟೋರು ನೋಡಿದ್ದೇನೆ. ನನಗೆ ಅರ್ಥವಾಗಿದೆಯಾ ಅಂತ ನನ್ನ ಬಾಯಿಂದಲೇ ಹೇಳಿಸಿ ನೋಡಿದವಳು ಅವಳೊಬ್ಬಳೇ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ದೇವರಮನೆಯಲ್ಲಿ ಅವಳಿಗೊಂದು ಜಾಗ ಇದೆ.

ಊರಿಗೆ ಬಂದ ಮೇಲೆ ಆ ಉಪ್ಪು ಹೋಯಿತು. ಎಳನೀರು, ದಿಂಡಿನ ರಸ ನಿಂತವು. ತರಕಾರಿಯನ್ನು ಶೀಟಿನಲ್ಲಿ ಬರೆದ ಹಾಗೇ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ನೀರು ಬಸಿಯುತ್ತಿದ್ದೆ. ಅದಕ್ಕೆ ಲೀಚಿಂಗ್ ಅಂತ ಬರೆದಿತ್ತು. ಪೊಟ್ಯಾಸಿಯಂ ನೀರಿನಲ್ಲಿ ಕರಗಿ ಹೊರಗೆ ಬರುತ್ತದೆ, ಅದಕ್ಕೇ ಹೀಗೆ ಮಾಡುವುದು. ಅಷ್ಟೆಲ್ಲ ಮಾಡಿದರೂ ಹದಿನೈದು ದಿನದ ಮೇಲೆ ನೋಡಿದರೆ 5.7. ಯಾಕೆ ಇಳಿದಿಲ್ಲ ಅಂತ ಡಾಕ್ಟರಿಗೂ ತಿಳಿಯಲಿಲ್ಲ. ಆಹಾರ ತಜ್ಞೆಯ ಹತ್ತಿರ ಕಳಿಸಿದರು.

ಆಕೆ ಮಂಡ್ಯ ಕಡೆಯವರು. ಶೀಟು ತೆಗೆಯಲೇ ಇಲ್ಲ. "ನಿನ್ನೆ ಮಧ್ಯಾಹ್ನ ಏನು ಅಡುಗೆ ಮಾಡಿದ್ರಿ ಅಮ್ಮ? ಒಲೆ ಹಚ್ಚಿದ್ದರಿಂದ ಹೇಳಿ" ಅಂದರು. ಹೇಳಿದೆ. ದಂಟಿನ ಸೊಪ್ಪು ಹೆಚ್ಚಿದೆ, ಒಂದು ಹಿಡಿ ತೊಗರಿಬೇಳೆ ಹಾಕಿದೆ, ತುಂಬಾ ನೀರಿಟ್ಟು ಬೇಯಿಸಿದೆ, ಬಸಿದೆ. ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಿದೆ.

"ಬಸಿದ ನೀರು?"

"ಅದರಲ್ಲೇ ಅಲ್ವಾ ಸಾರು ಮಾಡೋದು."

ಆಕೆ ಒಂದು ಕ್ಷಣ ಸುಮ್ಮನೆ ನನ್ನ ಮುಖ ನೋಡಿದರು. ಆಮೇಲೆ ನನಗೂ ಹೊಳೆಯಿತು. ನೀರು ಬಸಿಯಿರಿ ಅಂತ ಶೀಟು ಹೇಳಿತ್ತು, ನಾನು ಬಸಿದಿದ್ದೆ. ನಮ್ಮ ಕಡೆ ಬಸಿದ ನೀರನ್ನು ಯಾರಾದರೂ ಚೆಲ್ಲುತ್ತಾರಾ? ಬಸ್ಸಾರು ಅಂದರೆ ಆ ನೀರೇ. ಸೊಪ್ಪಿನಿಂದ ತೆಗೆದ ಪೊಟ್ಯಾಸಿಯಂ ಅನ್ನು ಹುಣಸೆ, ಕೊಬ್ಬರಿ, ಹುರಿದ ಮೆಣಸಿನಕಾಯಿ ಜೊತೆ ರುಬ್ಬಿ ಹಾಕಿ, ಕುದಿಸಿ, ಮುದ್ದೆಗೆ ಬಿಟ್ಟುಕೊಂಡು ಪೂರ್ತಿ ಉಂಡಿದ್ದೆ. ಎರಡು ವಾರದಲ್ಲಿ ಎಂಟು ಸಲವಾದರೂ.

ಆ ಶೀಟು ತಪ್ಪಲ್ಲ. ಬಸಿದ ನೀರನ್ನು ಚೆಲ್ಲುವ ಜನಕ್ಕೆ ಅದು ಸರಿಯಾಗೇ ಇದೆ. ಕಿಡ್ನಿ ಕಾಯಿಲೆಯವರಿಗೆ ತಿಳಿವಳಿಕೆ ಕಡಿಮೆ ಅಂತ ಯಾರಾದರೂ ಹೇಳಿದರೆ ನನಗೆ ಆ ಪಾತ್ರೆ ನೆನಪಾಗುತ್ತದೆ. ನಾನು ಹೇಳಿದ್ದನ್ನೆಲ್ಲ ತಪ್ಪದೆ ಮಾಡಿದ್ದೆ. ನಮ್ಮ ಅಡುಗೆಮನೆ ಹೇಗೆ ನಡೆಯುತ್ತದೆ ಅಂತ ಗೊತ್ತಿರುವ ಒಬ್ಬರು ಕೂತು ಕೇಳುವ ತನಕ ತಪ್ಪು ಎಲ್ಲಿದೆ ಅಂತ ಯಾರಿಗೂ ಕಾಣಲಿಲ್ಲ.

ಈಗ ಸೊಪ್ಪನ್ನು ಬೇಯಿಸಿ ಆ ನೀರನ್ನು ಚೆಲ್ಲುತ್ತೇನೆ. ಮಸಾಲೆ ರುಬ್ಬಿ ಹೊಸ ನೀರಿನಲ್ಲಿ ಸಾರು ಕುದಿಸುತ್ತೇನೆ, ಹುಣಸೆ ಕೊಬ್ಬರಿ ಕಡಿಮೆ ಹಾಕಿ. ಮೊದಲ ದಿನ ನಮ್ಮತ್ತೆ ಒಂದು ತುತ್ತು ಬಾಯಿಗಿಟ್ಟು "ಇದು ಬಸ್ಸಾರಲ್ಲ ಕಣಮ್ಮ" ಅಂದರು. ಅವರಿಗೆ 82 ವರ್ಷ. ಬೇರೆ ಸಾರು ಮಾಡಿಕೊಡುತ್ತೇನೆ ಅಂದರೆ ಬೇಡ ಅಂದರು. ಬಸಿದ ನೀರನ್ನು ಈಗ ಅವರೇ ಆರಿಸಿ ಕರಿಬೇವಿನ ಗಿಡದ ಬುಡಕ್ಕೆ ಹಾಕುತ್ತಾರೆ. ಮುದ್ದೆಯನ್ನೂ ಬಿಡಿಸಲಿಲ್ಲ. ಬಿಳಿ ಅನ್ನಕ್ಕಿಂತ ರಾಗಿಯಲ್ಲಿ ಪೊಟ್ಯಾಸಿಯಂ ಹಲವು ಪಟ್ಟು ಜಾಸ್ತಿ. ಆದರೂ ಮಧ್ಯಾಹ್ನ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆ ಒಂದು ಉಣ್ಣಬಹುದು ಅಂತ ಲೆಕ್ಕ ಹಾಕಿಕೊಟ್ಟರು. ಬೇಳೆ ಬಿಟ್ಟಿದ್ದಕ್ಕೆ ಬೈದರು. ನನ್ನ 56 ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 45 ಗ್ರಾಂ ಪ್ರೋಟೀನ್ ಬೇಕೇ ಬೇಕಂತೆ. ಪೂರ್ತಿ ಬಿಟ್ಟರೆ ಮೈಯಲ್ಲಿರುವ ಮಾಂಸವೇ ಕರಗುತ್ತದೆ. ಇದೆಲ್ಲ ನನ್ನ ರಕ್ತಕ್ಕೆ ಹೇಳಿದ್ದು. ಪೊಟ್ಯಾಸಿಯಂ ಏರದೇ ಇರುವವರು ಸುಮ್ನೆ ಸೊಪ್ಪು ಹಣ್ಣು ಬಿಡುವ ಅಗತ್ಯ ಇಲ್ಲ ಅಂತಲೂ ಆಕೆ ಹೇಳಿದರು. ಇದನ್ನು ಓದಿ ನಾಳೆಯಿಂದ ನನ್ನ ಪಥ್ಯ ಶುರುಮಾಡಬೇಡಿ, ದಯವಿಟ್ಟು. ನಿಮ್ಮ ರಿಪೋರ್ಟು ತಗೊಂಡು ಹೋಗಿ ಕೇಳಿ.

ಸೈಂಧವ ಉಪ್ಪು ಕಿಡ್ನಿಗೆ ಏನೂ ಮಾಡುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಅದರಲ್ಲಿರುವುದೂ ಹೆಚ್ಚಾಗಿ ಸೋಡಿಯಂ ಕ್ಲೋರೈಡೇ. ಬಣ್ಣ ಬೇರೆ, ಅಷ್ಟೇ.

ಆಮೇಲೆ ನಾನು ಓದಲು ಕೂತೆ. ಬೀರುವಿನಿಂದ ಹಳೇ ರಿಪೋರ್ಟು ತೆಗೆದೆ. ಇಜಿಎಫ್‌ಆರ್ ಅಂತ ಒಂದು ಲೆಕ್ಕ ಇದೆ. ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಸೋಸುತ್ತದೆ ಅನ್ನುವ ಅಂದಾಜು. ಸುಲಭವಾಗಿ, ಕಿಡ್ನಿ ನೂರಕ್ಕೆ ಎಷ್ಟು ಕೆಲಸ ಮಾಡುತ್ತಿದೆ ಅಂತ ತಿಳಿದುಕೊಂಡರೆ ನಮ್ಮಂಥವರಿಗೆ ಸಾಕು. 90ಕ್ಕಿಂತ ಮೇಲಿದ್ದರೆ ಚೆನ್ನಾಗಿದೆ. 60ಕ್ಕಿಂತ ಕೆಳಗೆ ಮೂರು ತಿಂಗಳು ಇದ್ದರೆ ಕಾಯಿಲೆ ಅಂತ ಲೆಕ್ಕ. 30ರಿಂದ 59ರ ತನಕ ಮೂರನೇ ಹಂತ, 15ರಿಂದ 29 ನಾಲ್ಕನೇದು, 15ಕ್ಕಿಂತ ಕೆಳಗೆ ಐದನೇದು. ಕ್ರಿಯಾಟಿನಿನ್ ಜೊತೆ ವಯಸ್ಸು, ಗಂಡೋ ಹೆಣ್ಣೋ ಅಂತ ಹಾಕಿದರೆ ಉತ್ತರ ಬರುತ್ತದೆ. 2.1ಕ್ಕೆ 47 ವಯಸ್ಸಿನ ನನಗೆ 29 ಬಂತು. ನಾಲ್ಕನೇ ಹಂತದ ಹೊಸ್ತಿಲು ಅದು. ಸಾಯುವ ಸ್ಟೇಜ್ ಅಲ್ಲ. ನಮ್ಮನೆಯವರಿಗೆ ಕಾಗದದ ಮೇಲೆ ಮೆಟ್ಟಿಲು ಬರೆದು ತೋರಿಸಿದೆ. ಅವತ್ತು ರಾತ್ರಿ ಅವರು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡರು.

ಆಮೇಲೆ ಹಳೇ 1.4 ಹಾಕಿದೆ, ವಯಸ್ಸು 44. ಬಂದದ್ದು 48.

ಮತ್ತೆ ಹಾಕಿದೆ. ಮತ್ತೆ 48. ಅಂದರೆ "ಸ್ವಲ್ಪ ಜಾಸ್ತಿ" ಅಂದ ದಿನವೇ ನನ್ನ ಕಿಡ್ನಿಯ ಕೆಲಸ ಅರ್ಧದಷ್ಟು ಹೋಗಿತ್ತು. ಅದೇ 1.4 ಅದೇ ವಯಸ್ಸಿನ ಗಂಡಸಿಗೆ ಹಾಕಿದರೆ 64ರ ಹತ್ತಿರ ಬರುತ್ತದೆ. ಹೆಂಗಸರ ಮೈಯಲ್ಲಿ ಮಾಂಸಖಂಡ ಸಾಮಾನ್ಯವಾಗಿ ಕಡಿಮೆ, ಕ್ರಿಯಾಟಿನಿನ್ ಹುಟ್ಟುವುದೂ ಕಡಿಮೆ. ಹಾಗಾಗಿ ಸಣ್ಣ ಅಂಕಿಯ ಹಿಂದೆ ದೊಡ್ಡ ನಷ್ಟ ಅಡಗಿರುತ್ತದೆ. ಆ ಹಾಳೆಯಲ್ಲಿ ನಕ್ಷತ್ರದ ಬದಲು "ನಿಮ್ಮ ಕಿಡ್ನಿ ಅರ್ಧ ಕೆಲಸ ಮಾಡುತ್ತಿದೆ, ನೋವಿನ ಮಾತ್ರೆ ನಿಲ್ಲಿಸಿ, ಬಿಪಿ ಮಾತ್ರೆ ದಿನಾ ತಗೊಳ್ಳಿ" ಅಂತ ಕನ್ನಡದಲ್ಲಿ ಒಂದು ಸಾಲು ಇದ್ದಿದ್ದರೆ ಅನ್ನಿಸಿ ಅವತ್ತು ಅಂಗಡಿ ಬಾಗಿಲು ಅರ್ಧ ಎಳೆದು ಅತ್ತೆ. ಸಿಟ್ಟೂ ಬಂತು. ಒಂದು ಸಾಲು ಟೈಪ್ ಮಾಡಲು ಎಷ್ಟು ಹೊತ್ತು ಬೇಕು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೂತ್ರದ ಇನ್ನೊಂದು ಪರೀಕ್ಷೆಯ ಬಗ್ಗೆ ಆಗಲೇ ತಿಳಿದದ್ದು. ಎಸಿಆರ್ ಅನ್ನುತ್ತಾರೆ. ಅಲ್ಬುಮಿನ್ ಅನ್ನುವ ಪ್ರೋಟೀನ್ ಎಷ್ಟು ಸೋರುತ್ತಿದೆ ಅಂತ ಅದು ಹೇಳುತ್ತದೆ. 30ರ ಒಳಗೆ ಇರಬೇಕು, 300 ದಾಟಿದರೆ ಸೋರಿಕೆ ಜೋರಾಗಿದೆ ಅಂತ ಅರ್ಥ. ನನ್ನದು 900ರ ಹತ್ತಿರ ಇತ್ತು. ಆ ನೊರೆ ಅದೇ.

ಮಾತ್ರೆ ವಿಷಯದಲ್ಲಿ ಇನ್ನೊಂದು ಸಲ ಎಡವಿದೆ. ಡಾಕ್ಟರು ಡಾಪಾಗ್ಲಿಫ್ಲೋಜಿನ್ ಅಂತ ಒಂದು ಮಾತ್ರೆ ಸೇರಿಸಿದ್ದರು. ಮೆಡಿಕಲ್ ಸ್ಟೋರಿನ ಹುಡುಗ ಚೀಟಿ ನೋಡಿ "ಆಂಟಿ, ನಿಮಗೆ ಶುಗರ್ ಇದೆಯಾ? ಇದು ಶುಗರ್ ಮಾತ್ರೆ" ಅಂದ. ಇಲ್ಲವಲ್ಲ! ಡಾಕ್ಟರು ತಪ್ಪಿ ಬರೆದಿದ್ದಾರೆ ಅಂತ ಬಿಟ್ಟುಬಿಟ್ಟೆ, ಎರಡು ತಿಂಗಳು. ಮುಂದಿನ ಸಲ ಡಾಕ್ಟರು ವಿವರಿಸಿದರು. ಅದು ಸಕ್ಕರೆ ಕಾಯಿಲೆಗೆ ಅಂತ ಬಂದ ಮಾತ್ರೆ ನಿಜ. ಸಕ್ಕರೆ ಕಾಯಿಲೆ ಇಲ್ಲದ ಕಿಡ್ನಿ ರೋಗಿಗಳಲ್ಲೂ ಕಿಡ್ನಿ ಕೆಡುವ ವೇಗವನ್ನು ಅದು ತಗ್ಗಿಸುತ್ತದೆ ಅಂತ 2020ರಲ್ಲಿ ದೊಡ್ಡ ಅಧ್ಯಯನದಲ್ಲಿ ಗೊತ್ತಾಯಿತು. ಮತ್ತೆ ಶುರುಮಾಡಿದೆ. ತಿಂಗಳಾದ ಮೇಲೆ ಮೂತ್ರದ ರಿಪೋರ್ಟಿನಲ್ಲಿ ಸಕ್ಕರೆ ಮೂರು ಪ್ಲಸ್! ಲ್ಯಾಬಿನವರೇ ಗಾಬರಿಯಾದರು. ನಾನು ಆಗಲಿಲ್ಲ. ಆ ಮಾತ್ರೆ ಕೆಲಸ ಮಾಡುವುದೇ ಹಾಗೆ, ಸಕ್ಕರೆಯನ್ನು ಮೂತ್ರದ ಜೊತೆ ಹೊರಗೆ ಬಿಡುತ್ತದೆ. ರಕ್ತದ ಸಕ್ಕರೆ ನೋಡಿ ಅಂದೆ. ಸರಿಯಾಗೇ ಇತ್ತು. ಮೊದಲೇ ಹೇಳಿದ್ದರಿಂದ ಒಂದು ಹೆದರಿಕೆ ತಪ್ಪಿತು. ಮೊದಲೇ ಹೇಳದೆ ಇದ್ದದ್ದಕ್ಕೆ ಎರಡು ತಿಂಗಳು ಹೋಗಿತ್ತು.

ಈಗ ನನಗೆ 50. ಕ್ರಿಯಾಟಿನಿನ್ 2.4, ಇಜಿಎಫ್‌ಆರ್ 24, ಎಸಿಆರ್ 350, ಪೊಟ್ಯಾಸಿಯಂ 4.8. ಮೊದಲ ಮೂರು ವರ್ಷದಲ್ಲಿ 19 ಹೋಗಿತ್ತು, ಈ ಮೂರು ವರ್ಷದಲ್ಲಿ ಹೋದದ್ದು 5. ಬಿಪಿ ದಿನಾ ಮನೆಯಲ್ಲೇ ನೋಡಿ ನೋಟ್ ಬುಕ್ಕಿನಲ್ಲಿ ಬರೆಯುತ್ತೇನೆ. ಕಿಡ್ನಿ ವಾಪಸ್ ಸರಿಹೋಗುತ್ತದೆ ಅಂತ ಯಾರೂ ನನಗೆ ಹೇಳಿಲ್ಲ, ಹೇಳಿದವರ ಕಷಾಯವನ್ನು ನಾನು ಕುಡಿಯುವುದೂ ಇಲ್ಲ.

ಮುಂದೆ ಬರಬಹುದಾದದ್ದಕ್ಕೂ ತಯಾರಾಗುತ್ತಿದ್ದೇನೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡೆ, ಕಿಡ್ನಿಯವರಿಗೆ ಅದು ಎರಡರಷ್ಟು ಪ್ರಮಾಣದಲ್ಲಿ. ಎಡಗೈಯಲ್ಲಿ ರಕ್ತ ತೆಗೆಯಲು, ಡ್ರಿಪ್ ಹಾಕಲು ಯಾರಿಗೂ ಬಿಡುವುದಿಲ್ಲ. ಮುಂದೆ ಡಯಾಲಿಸಿಸ್ ಬೇಕಾದರೆ ಆ ಕೈಯಲ್ಲಿ ಫಿಸ್ಟುಲಾ ಮಾಡಬೇಕು, ಅಂದರೆ ಅಪಧಮನಿಗೂ ಅಭಿಧಮನಿಗೂ ಜೋಡಣೆ. ಸೂಜಿ ಚುಚ್ಚಿ ಚುಚ್ಚಿ ರಕ್ತನಾಳ ಹಾಳಾಗಿದ್ದರೆ ಅದು ಆಗುವುದಿಲ್ಲ. ಜೋಡಿಸಿದ ಮೇಲೂ ಬಲಿಯಲು ಒಂದೂವರೆ ಎರಡು ತಿಂಗಳು ಬೇಕು. ಕೊನೇ ಗಳಿಗೆಯಲ್ಲಿ ಓಡಿಹೋದರೆ ಕುತ್ತಿಗೆಗೆ ಪೈಪ್ ಹಾಕುವುದೇ ಗತಿ.

ಡಾಕ್ಟರು ಹೇಳಿದ್ದಕ್ಕೆ ಒಂದು ದಿನ ಸರ್ಕಾರಿ ಡಯಾಲಿಸಿಸ್ ಘಟಕಕ್ಕೆ ಸುಮ್ನೆ ನೋಡಲು ಹೋದೆ. ಹೋಗುವಾಗ ಕೈ ನಡುಗುತ್ತಿತ್ತು. ಡಯಾಲಿಸಿಸ್ ಅಂದರೆ ಮುಗಿಯಿತು ಅಂತ ತಾನೇ ನಾವು ಕೇಳಿರುವುದು. ಒಳಗೆ ಒಬ್ಬರು ಪೇಪರ್ ಓದುತ್ತಿದ್ದರು. ಇನ್ನೊಬ್ಬರು ಮೊಬೈಲಿನಲ್ಲಿ ಅಡಿಕೆ ರೇಟು ಕೇಳುತ್ತಿದ್ದರು. ಫಿಸ್ಟುಲಾ ಇದ್ದ ಒಬ್ಬ ಮೇಷ್ಟ್ರು "ಮುಟ್ಟಿ ನೋಡಮ್ಮ" ಅಂತ ಕೈ ಚಾಚಿದರು. ಬೆರಳಿಟ್ಟೆ. ಚರ್ಮದ ಕೆಳಗೆ ಬೆಕ್ಕು ಗುರುಗುಟ್ಟಿದ ಹಾಗೆ ನಡುಗುತ್ತಿತ್ತು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಮುಟ್ಟಿ ನೋಡುತ್ತಾರಂತೆ, ಆ ನಡುಕ ನಿಂತರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ನಾಲ್ಕು ಗಂಟೆಯಲ್ಲಿ ಆ ಮೆಷಿನ್ನಿಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು ಅಂತ ಟೆಕ್ನಿಶಿಯನ್ ಹೇಳಿದರು. ಬಡವರಿಗೆ ಇದು ಉಚಿತವಾಗಿ ಸಿಗುವ ಹಾಗೆ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾದದ್ದು ಕೂಡ ಅಲ್ಲೇ ಗೊತ್ತಾಯಿತು. ನಮ್ಮನೆಯವರು ಅಟ್ಟದ ಕೊಬ್ಬರಿ ಮಾರುವ ಮಾತು ಆಮೇಲೆ ಎತ್ತಿಲ್ಲ. ನನ್ನ ತಂಗಿ ಕಿಡ್ನಿ ಕೊಡುತ್ತೇನೆ ಅಂದಿದ್ದಾಳೆ. ಆ ಮಾತು ಇನ್ನೂ ದೂರ ಇದೆ, ಅವಳಿಗೂ ಮೊದಲು ಎಲ್ಲ ಪರೀಕ್ಷೆ ಆಗಬೇಕು.

ಪರ್ಸಿನಲ್ಲಿ ನಾನೇ ಮಾಡಿದ ಒಂದು ಕಾರ್ಡ್ ಇಟ್ಟುಕೊಂಡಿದ್ದೇನೆ, ಲ್ಯಾಮಿನೇಷನ್ ಮಾಡಿಸಿ. "ನನಗೆ ಕಿಡ್ನಿ ಕಾಯಿಲೆ ಇದೆ, ಇಜಿಎಫ್‌ಆರ್ 24. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಕೊಡಬೇಡಿ. ಎಡಗೈಗೆ ಸೂಜಿ ಬೇಡ. ವಾಂತಿ ಭೇದಿ ಆದರೆ ನನ್ನ ಡಾಕ್ಟರಿಗೆ ಫೋನ್ ಮಾಡಿ, ಕೆಲವು ಮಾತ್ರೆ ನಿಲ್ಲಿಸಬೇಕಾಗಬಹುದು." ಕೆಳಗೆ ನಂಬರ್. ನನ್ನ ಡಾಕ್ಟರು ಅದನ್ನು ನೋಡಿ ಎರಡು ಪದ ತಿದ್ದಿಕೊಟ್ಟರು. ಈಗ ಅವರ ಹತ್ತಿರ ಬರುವ ನಮ್ಮ ಕಡೆಯವರನ್ನು ಕಾರ್ಡ್ ಮಾಡಿಸಿಕೊಳ್ಳಲು ನನ್ನ ಅಂಗಡಿಗೆ ಕಳಿಸುತ್ತಾರೆ. ಅದಕ್ಕೆ ನಾನು ದುಡ್ಡು ತಗೊಳ್ಳುವುದಿಲ್ಲ.

ಹೋದ ತಿಂಗಳು ನೊಣವಿನಕೆರೆ ಕಡೆಯ ಒಬ್ಬರು ಯಾವುದೋ ಅರ್ಜಿಗೆ ಲಗತ್ತಿಸಲು ರಕ್ತದ ರಿಪೋರ್ಟು ಝೆರಾಕ್ಸ್ ಮಾಡಿಸಲು ಬಂದರು. ಐವತ್ತೈದರ ಮೇಲಿರಬಹುದು. ಹಾಳೆಯನ್ನು ಗಾಜಿನ ಮೇಲೆ ಇಡುವಾಗ ಕಣ್ಣು ತಾನಾಗಿಯೇ ಆ ಸಾಲಿಗೆ ಹೋಯಿತು. ಕ್ರಿಯಾಟಿನಿನ್ 1.6. ಪಕ್ಕದಲ್ಲಿ ನಕ್ಷತ್ರ.

"ಅಣ್ಣ, ಇದರ ಬಗ್ಗೆ ಡಾಕ್ಟರು ಏನಾದ್ರೂ ಹೇಳಿದ್ರಾ?"

"ಸ್ವಲ್ಪ ಜಾಸ್ತಿ ಐತೆ ಅಂದ್ರು ಕಣವ್ವ. ಅಷ್ಟೇ."

"ನೋವಿಗೆ ಏನಾದ್ರೂ ಮಾತ್ರೆ ತಗೋತೀರಾ?"

"ಸೊಂಟಕ್ಕೆ. ದಿನಾ ಒಂದು."

ನಾನು ಡಾಕ್ಟರಲ್ಲ ಅಂತ ಮೊದಲು ಹೇಳಿದೆ. ಒಂದು ಚೀಟಿಯಲ್ಲಿ ಮೂರು ಪ್ರಶ್ನೆ ಬರೆದುಕೊಟ್ಟೆ. ನನ್ನ ಇಜಿಎಫ್‌ಆರ್ ಎಷ್ಟು? ಮೂತ್ರದ ಎಸಿಆರ್ ಪರೀಕ್ಷೆ ಮಾಡಿಸಲಾ? ಈ ನೋವಿನ ಮಾತ್ರೆ ನಾನು ತಗೋಬಹುದಾ? ದೊಡ್ಡ ಅಕ್ಷರದಲ್ಲಿ ಬರೆದೆ, ಅವರು ಕನ್ನಡಕ ತಂದಿರಲಿಲ್ಲ. ಸೋಮವಾರವೇ ಹೋಗುತ್ತೇನೆ ಅಂದರು. ಚೀಟಿಯನ್ನು ಎರಡು ಮಡಿಕೆ ಮಾಡಿ ಜೇಬಿಗಿಟ್ಟು ಹೋದರು.

ಆ ವಾರ ಬರಲಿಲ್ಲ. ಮುಂದಿನ ಗುರುವಾರ ಮಧ್ಯಾಹ್ನ ಅಂಗಡಿ ಮುಂದೆ ಬಂದು ನಿಂತರು. ಝೆರಾಕ್ಸಿಗೆ ಅಲ್ಲ. ಕೈಯಲ್ಲಿ ಹೊಸ ರಿಪೋರ್ಟು ಇತ್ತು, ಜೊತೆಗೆ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. "ಡಾಕ್ಟರು ಹೇಳಿದ್ರು ಕಣವ್ವ. ನಾನು ಹೇಳ್ತೀನಿ, ಸರಿಯಾಗಿ ತಿಳ್ಕೊಂಡಿದ್ದೀನಾ ನೋಡು" ಅಂದರು. ನಾನು ಮೆಷಿನ್ ಆಫ್ ಮಾಡಿ ಎರಡು ಸ್ಟೂಲ್ ಎಳೆದೆ.